ಮಲ್ಪೆ ಬೀಚಿನಲ್ಲಿ ನಿಂತರೆ ಫೋನು ‘ಮೈನಸ್ 88 ಮೀಟರ್’ ಅನ್ನುತ್ತದೆ, ಯಾಕೆ?

ಮಣಿಪಾಲ ರಾತ್ರಿಪಾಳಿ

ನಿನ್ನೆ ಸಂಜೆ ಮಲ್ಪೆಗೆ ಹೋಗಿದ್ದೆವು. ಕಾಲು ನೀರಿನಲ್ಲಿ, ಕೈಯಲ್ಲಿ ಚರುಮುರಿ. ಚಾರಣಕ್ಕೆ ಅಂತ ಹಾಕಿಕೊಂಡಿದ್ದ ಜಿಪಿಎಸ್ ಆ್ಯಪ್ ಸುಮ್ನೆ ತೆರೆದೆ. ಎತ್ತರ: ಮೈನಸ್ 88 ಮೀಟರ್! ಗೆಳೆಯನ ಫೋನಿನಲ್ಲಿ ಬೇರೆ ಆ್ಯಪ್ ಇತ್ತು, ಅದು 3 ಮೀಟರ್ ಅಂತ ತೋರಿಸಿತು. ಅಲೆ ಬಂದು ಪ್ಯಾಂಟು ಒದ್ದೆಯಾಗುವ ಜಾಗದಲ್ಲಿ ನಿಂತವನು ಸಮುದ್ರ ಮಟ್ಟಕ್ಕಿಂತ 88 ಮೀಟರ್ ಕೆಳಗೆ ಹೇಗೆ ಇರುತ್ತಾನೆ? ಫೋನು ರಿಪೇರಿಗೆ ಕೊಡಬೇಕಾ? ಗೊತ್ತಿದ್ದವರು ಹೇಳಿ.

ಎಂತ ಮಾರಾಯ್ರೆ

ನಿಮ್ಮ ಕೈಯಲ್ಲಿರುವುದು ಫೋನಲ್ಲ, ಸಬ್‌ಮರೀನ್.

ಸುರತ್ಕಲ್ ಸರ್ವೇ

ಎರಡೂ ಫೋನು ಸರಿಯಾಗಿಯೇ ಉಂಟು. ಎಲ್ಲಿಂದ ಅಳೆಯುತ್ತವೆ ಅನ್ನುವುದು ಬೇರೆ, ಅಷ್ಟೇ.

ಭೂಮಿ ಪೂರ್ತಿ ದುಂಡಗಿಲ್ಲ. ನಡುವಿನಿಂದ ಸಮಭಾಜಕ ರೇಖೆಗೆ 6,378 ಕಿ.ಮೀ., ಧ್ರುವಕ್ಕೆ 6,357 ಕಿ.ಮೀ. ಈ ಚಪ್ಪಟೆ ಗೋಳಕ್ಕೆ ಒಂದು ನುಣುಪಾದ ಲೆಕ್ಕದ ಮೇಲ್ಮೈ ಮಾಡಿಟ್ಟಿದ್ದಾರೆ. ಜಿಪಿಎಸ್ ಎತ್ತರ ಎಣಿಸುವುದು ಅಲ್ಲಿಂದ. ಅದು ಕಾಗದದ ಮೇಲೆ ಮಾತ್ರ ಇರುವುದು. ನಿಜವಾದ ಸಮುದ್ರ ಅದರ ಮಾತು ಕೇಳುವುದಿಲ್ಲ. ಗುರುತ್ವ ಎಲ್ಲಿ ಹೇಗೆ ಎಳೆಯುತ್ತದೋ ಹಾಗೆ ನಿಲ್ಲುತ್ತದೆ. ನಮ್ಮ ಕರಾವಳಿಯಲ್ಲಿ ಸಮುದ್ರದ ಮೈ ಆ ಲೆಕ್ಕದ ಮೇಲ್ಮೈಗಿಂತ ಸುಮಾರು 85ರಿಂದ 90 ಮೀಟರ್ ಕೆಳಗೆ ಉಂಟು. ಶ್ರೀಲಂಕಾದ ದಕ್ಷಿಣಕ್ಕೆ ಹೋದರೆ 106 ಮೀಟರ್ ಕೆಳಗೆ. ಪ್ರಪಂಚದಲ್ಲೇ ಅತಿ ತಗ್ಗಿನ ಜಾಗ ಅದು. ಅದೇ ನ್ಯೂಗಿನಿ ದ್ವೀಪದ ಕಡೆ ಹೋದರೆ 80 ಮೀಟರಿಗಿಂತ ಮೇಲೆ.

ನಿಮ್ಮ ಆ್ಯಪ್ ಉಪಗ್ರಹದಿಂದ ಬಂದದ್ದನ್ನು ಹಾಗೆಯೇ ತೋರಿಸುತ್ತದೆ. ಗೆಳೆಯನ ಆ್ಯಪಿನಲ್ಲಿ ಯಾವ ಊರಿಗೆ ಎಷ್ಟು ಕೂಡಿಸಬೇಕು, ಎಷ್ಟು ಕಳೆಯಬೇಕು ಅನ್ನುವ ಪಟ್ಟಿ ಉಂಟು. ನಮ್ಮ ಕೆಲಸದಲ್ಲಿ ಇದು ದಿನಾ ಬರುವ ಗೋಳು. ಹೊಸ ಹುಡುಗರು ಜಿಪಿಎಸ್ ಎತ್ತರವನ್ನೇ ಡ್ರಾಯಿಂಗಿಗೆ ಹಾಕಿಬಿಟ್ಟರೆ ಚರಂಡಿ ನೀರು ಯಾವ ಕಡೆ ಹೋಗುತ್ತದೆ ಅಂತ ದೇವರಿಗೇ ಗೊತ್ತು.

ರೈಲ್ವೇ ಸ್ಟೇಷನ್ ಬೋರ್ಡಿನ ಮೂಲೆಯಲ್ಲಿ ಸಮುದ್ರ ಮಟ್ಟದಿಂದ ಇಷ್ಟು ಎತ್ತರ ಅಂತ ಬರೆದಿರುತ್ತದಲ್ಲ, ಅದು ಜಿಪಿಎಸ್ ಎತ್ತರ ಅಲ್ಲ. ಬ್ರಿಟಿಷರ ಕಾಲದಲ್ಲಿ 9 ಬಂದರುಗಳಲ್ಲಿ ಸಮುದ್ರ ಏರಿ ಇಳಿಯುವುದನ್ನು ವರ್ಷಗಟ್ಟಲೆ ಅಳೆದು ಸರಾಸರಿ ತೆಗೆದರು. ನಮ್ಮ ಕಾರವಾರವೂ ಆ ಒಂಬತ್ತರಲ್ಲಿ ಒಂದು. 1909ರ ಆ ಲೆಕ್ಕವೇ ದೇಶದ ಎತ್ತರಗಳಿಗೆ ಬುಡವಾಯಿತು.

ಬೋಟ್‌ಮನೆ

ಒಂದು ಸಂಶಯ ಸರ್. ಇಲ್ಲಿ 88, ಲಂಕೆಯ ಆಚೆ 106. ಅಂದ್ರೆ ನಮ್ಮ ಬೋಟು ದಕ್ಷಿಣಕ್ಕೆ ಹೋಗುವಾಗ 18 ಮೀಟರ್ ಇಳಿಜಾರಿನಲ್ಲಿ ಹೋಗುತ್ತದಾ? ಹಾಗಾದ್ರೆ ಹೋಗುವಾಗ ಡೀಸೆಲ್ ಉಳಿಯಬೇಕಲ್ಲ. ಬರುವಾಗ ಜಾಸ್ತಿ ಖರ್ಚಾಗಬೇಕು. ಇಷ್ಟು ವರ್ಷದಲ್ಲಿ ಹಾಗೆ ಕಂಡದ್ದಿಲ್ಲ. ಇನ್ನೊಂದು, ತಗ್ಗು ಇದ್ದರೆ ನೀರು ಅಲ್ಲಿಗೆ ಹರಿದು ತುಂಬಿಕೊಳ್ಳಬೇಕು. ಯಾಕೆ ತುಂಬುವುದಿಲ್ಲ?

ಕಾರ್ಕಳ ಟೀಚರ್

ಬೋಟ್‌ಮನೆ ಅಣ್ಣ ಕೇಳಿದ್ದೇ ಇಡೀ ವಿಷಯದ ಜೀವ. ನಿವೃತ್ತಿಯಾದ ಮೇಲೆ ಇಂಥ ಪ್ರಶ್ನೆ ಕೇಳುವವರು ಸಿಗುವುದು ಅಪರೂಪ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮನೆ ಕಟ್ಟುವಾಗ ಮೇಸ್ತ್ರಿ ಏನು ಮಾಡುತ್ತಾರೆ ನೋಡಿ. ಪಾರದರ್ಶಕ ಪೈಪಿಗೆ ನೀರು ತುಂಬಿಸಿ, ಗುಳ್ಳೆ ಇಲ್ಲದ ಹಾಗೆ ಬೆರಳಲ್ಲಿ ತಟ್ಟಿ, ಒಂದು ತುದಿ ಈ ಕಂಬದ ಹತ್ತಿರ, ಇನ್ನೊಂದು ಆ ಕಂಬದ ಹತ್ತಿರ ಹಿಡಿಸುತ್ತಾರೆ. ನೀರು ಅಲ್ಲಾಡುವುದು ನಿಂತ ಮೇಲೆ ಎರಡೂ ಕಡೆ ಪೆನ್ಸಿಲ್ ಗುರುತು. ಅದೇ ಮಟ್ಟ. ಅದಕ್ಕಿಂತ ದೊಡ್ಡ ಪ್ರಮಾಣ ಬೇರೆ ಇಲ್ಲ. ಈಗ ಅಂಥದ್ದೇ ಒಂದು ಪೈಪು ಮಲ್ಪೆಯಿಂದ ಲಂಕೆಯ ಆಚೆವರೆಗೆ ಎಳೆದಿದ್ದೇವೆ ಅಂತ ಇಟ್ಟುಕೊಳ್ಳಿ. ಒಳಗಿನ ನೀರು ಎರಡೂ ತುದಿಯಲ್ಲಿ ಸಮುದ್ರದ ಮೈಗೆ ಸರಿಯಾಗಿ ನಿಲ್ಲುತ್ತದೆ. ಒಂದು ಹನಿಯೂ ಹರಿಯುವುದಿಲ್ಲ. ಅಂದ್ರೆ ಗುರುತ್ವದ ಲೆಕ್ಕದಲ್ಲಿ ಅದು ಚಪ್ಪಟೆ. 18 ಮೀಟರ್ ತಗ್ಗು ಕಾಣುವುದು ಸರ್ವೇಯವರ ಕಾಗದದ ಗೋಳಕ್ಕೆ ಹೋಲಿಸಿದಾಗ ಮಾತ್ರ.

‘ಕೆಳಗೆ’ ಅನ್ನುವುದು ಮೊದಲೇ ಇದ್ದು, ಆಮೇಲೆ ಗುರುತ್ವ ಬಂದು ಆ ಕಡೆ ಎಳೆಯುವುದಲ್ಲ. ಗುರುತ್ವ ಎಳೆದ ದಿಕ್ಕೇ ಕೆಳಗೆ. ಅದಕ್ಕೆ ಅಡ್ಡವಾಗಿ ನಿಂತದ್ದೇ ಮಟ್ಟ. ಹಾಗಾಗಿ ಡೀಸೆಲ್ ಉಳಿಯುವುದೂ ಇಲ್ಲ, ಖರ್ಚಾಗುವುದೂ ಇಲ್ಲ ಅಣ್ಣ.

ತಗ್ಗು ಯಾಕಾಯ್ತು ಅಂದ್ರೆ, ಆ ಜಾಗದ ಅಡಿಯಲ್ಲಿ, ತುಂಬಾ ಆಳದಲ್ಲಿ, ಬಂಡೆ ಸ್ವಲ್ಪ ಹಗುರ. ಸುತ್ತಲಿನ ಭಾರದ ಜಾಗಗಳು ನೀರನ್ನು ತಮ್ಮ ಕಡೆ ಒಂಚೂರು ಜಾಸ್ತಿ ಎಳೆದುಕೊಳ್ಳುತ್ತವೆ.

ಎಂತ ಮಾರಾಯ್ರೆ

ಟೀಚರ್, ವಾಟ್ಸಾಪಿನಲ್ಲಿ ಬಂದಿತ್ತು. ಹಿಂದೂ ಮಹಾಸಾಗರದಲ್ಲಿ ಗುರುತ್ವದ ತೂತು ಉಂಟಂತೆ, ಹಡಗು ಹೋದರೆ ಕಷ್ಟವಂತೆ. ಜೊತೆಗೆ ಬಟಾಟೆಯ ಹಾಗೆ ಸೊಟ್ಟಗಾದ ಭೂಮಿಯ ಫೋಟೋ.

ಸುರತ್ಕಲ್ ಸರ್ವೇ

ಆ ಫೋಟೋದಲ್ಲಿ ಉಬ್ಬು-ತಗ್ಗನ್ನು ಸಾವಿರಾರು ಪಟ್ಟು ಹಿಗ್ಗಿಸಿರುತ್ತಾರೆ. 6,400 ಕಿ.ಮೀ. ತ್ರಿಜ್ಯಕ್ಕೆ 106 ಮೀಟರ್ ಅಂದ್ರೆ ಹೇಗೆ ಕಾಣಬೇಕು ಹೇಳಿ. ಹಡಗಿಗೆ ಎಂಥ ಕಷ್ಟವೂ ಇಲ್ಲ. ಎಷ್ಟೋ ಹಡಗುಗಳು ಆ ಕಡೆಯಿಂದಲೇ ಓಡಾಡುತ್ತವೆ.

ಆ ತಗ್ಗು ಮಾತ್ರ ನಿಜ. ನೆದರ್ಲೆಂಡ್ಸಿನ ವೆನಿಂಗ್ ಮೈನೆಸ್ ಹಡಗಿನಲ್ಲಿ ಗುರುತ್ವ ಅಳೆಯುತ್ತಾ 1948ರಲ್ಲಿ ಅದನ್ನು ಗುರುತಿಸಿದರು. ಕಾರಣ ಏನು ಅಂತ ಮುಕ್ಕಾಲು ಶತಮಾನ ಚರ್ಚೆ ನಡೆಯಿತು. 2023ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯಿ ಘೋಷ್ ಕಂಪ್ಯೂಟರಿನಲ್ಲಿ 14 ಕೋಟಿ ವರ್ಷಗಳ ಭೂಮಿಯ ಒಡಲನ್ನು ಓಡಿಸಿ ನೋಡಿದರು. ಅವರ ಪ್ರಕಾರ ಭಾರತ ಉತ್ತರಕ್ಕೆ ಸರಿಯುವಾಗ ನಡುವೆ ಇದ್ದ ಟೆಥಿಸ್ ಸಮುದ್ರದ ತಳ ಭೂಮಿಯೊಳಕ್ಕೆ ಇಳಿಯಿತು. ಇಳಿದ ಆ ತಣ್ಣಗಿನ ಬಂಡೆ ಆಫ್ರಿಕಾದ ಅಡಿಯಲ್ಲಿದ್ದ ಬಿಸಿ ರಾಶಿಯನ್ನು ಕೆದಕಿತು. ಅಲ್ಲಿಂದ ಎದ್ದ ಬಿಸಿ, ಹಗುರ ಬಂಡೆ ಹಿಂದೂ ಮಹಾಸಾಗರದ ಅಡಿಗೆ ಬಂದು ಹರಡಿತು. ತಗ್ಗು ಈಗಿನ ಆಕಾರಕ್ಕೆ ಬಂದದ್ದು ಸುಮಾರು 2 ಕೋಟಿ ವರ್ಷಗಳ ಹಿಂದೆ.

ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಹೋದವರು ಆ ಕಂಬ ಕಂಬದ ಕಲ್ಲುಗಳ ಮೇಲೆ ಸೆಲ್ಫಿ ತೆಗೆದಿರುತ್ತೀರಿ. ಆ ಲಾವಾ ಹರಿದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಹೊತ್ತಿಗೆ. ಭಾರತ ಉತ್ತರಕ್ಕೆ ಓಡಿದ್ದು ಆಮೇಲೆ. ಇಲ್ಲಿನ ಕಲ್ಲು, ಅಲ್ಲಿನ ತಗ್ಗು ಎರಡೂ ಒಂದೇ ಪ್ರಯಾಣದ ಗುರುತು.

ಕಾರ್ಕಳ ಟೀಚರ್

ಬಂಡೆಯ ಭಾರ ಗುರುತ್ವವನ್ನು ಹೀಗೆ ಓರೆ ಮಾಡುತ್ತದೆ ಅನ್ನುವುದಕ್ಕೆ ಒಂದು ದೊಡ್ಡ ಸಾಕ್ಷಿ ಸಿಕ್ಕಿದ್ದೂ ನಮ್ಮ ದೇಶದಲ್ಲೇ. ಬ್ರಿಟಿಷರ ಮಹಾ ಸರ್ವೇಯಲ್ಲಿ ಕಲ್ಯಾಣಪುರ ಮತ್ತು ಕಲಿಯಾನ ಅಂತ ಎರಡು ಜಾಗ. ನಮ್ಮ ಸಂತೆಕಟ್ಟೆ ಕಲ್ಯಾಣಪುರ ಅಲ್ಲ, ಮಧ್ಯಪ್ರದೇಶದ್ದು! ನೆಲದ ಮೇಲೆ ಅಳೆದ ಅಂತರಕ್ಕೂ ನಕ್ಷತ್ರ ನೋಡಿ ತೆಗೆದ ಅಂತರಕ್ಕೂ 5.236 ಸೆಕೆಂಡ್ ಕೋನದಷ್ಟು (ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು ಒಂದು ಸೆಕೆಂಡ್) ವ್ಯತ್ಯಾಸ ಬಂತು. ಹಿಮಾಲಯ ತೂಗುಗುಂಡನ್ನು ತನ್ನ ಕಡೆ ಎಳೆಯುತ್ತಿದೆ ಅಂತ ಜಾನ್ ಪ್ರಾಟ್ ಎಂಬ ಪಾದ್ರಿ ಲೆಕ್ಕ ಹಾಕಿದರು. ಲೆಕ್ಕದ ಪ್ರಕಾರ ಬರಬೇಕಾದದ್ದು 15.885 ಸೆಕೆಂಡ್. ಬಂದದ್ದು ಅದರ ಮೂರನೇ ಒಂದು ಪಾಲು. ಅಂದ್ರೆ ಅಷ್ಟು ದೊಡ್ಡ ಬೆಟ್ಟದ ಬುಡದಲ್ಲಿ ಹಗುರವಾದ ಬಂಡೆ ಇರಲೇಬೇಕು. 1855ರಲ್ಲಿ, ಒಂದು ಗುಂಡಿ ತೋಡದೆ, ಬೆಟ್ಟದ ಬೇರು ಹೇಗುಂಟು ಅಂತ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ ಹೇಳಿದರು.

ನನಗೆ ಇದು ನ್ಯೂಟನ್ನನ ಸೇಬಿನ ಕತೆಗಿಂತ ಇಷ್ಟ.

ಕೊಡಿಯಾಲದ ಅಕ್ಕಸಾಲಿ

ಹಾಗಾದ್ರೆ ಊರಿಂದ ಊರಿಗೆ ತೂಕ ಬದಲಾಗುತ್ತದಾ? ನನಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಸುರತ್ಕಲ್ ಸರ್ವೇ

ಬದಲಾಗುತ್ತದೆ, ಆದರೆ ಅಂಗಡಿ ಮುಚ್ಚುವಷ್ಟಲ್ಲ. ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿನಲ್ಲಿ ಎಷ್ಟು ಹೆಚ್ಚುತ್ತದೆ ಅಂತ ನೋಡಿದರೆ ಸಮಭಾಜಕದ ಹತ್ತಿರ ಸೆಕೆಂಡಿಗೆ 9.78 ಮೀಟರ್, ಧ್ರುವದಲ್ಲಿ 9.83. ಮಂಗಳೂರು 9.78ರ ಪಕ್ಕ. ಇಲ್ಲಿ ಸರಿ ಮಾಡಿದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಹಾಗೆಯೇ ಧ್ರುವಕ್ಕೆ ಒಯ್ದರೆ 100 ಗ್ರಾಂ ಬಂಗಾರ ನೂರೂವರೆ ಗ್ರಾಂ ತೋರಿಸುತ್ತದೆ. ಎರಡು ತಟ್ಟೆಯ ಹಳೇ ತಕ್ಕಡಿಗೆ ಈ ಕಾಯಿಲೆ ಇಲ್ಲ. ಅಲ್ಲಿ ಬಂಗಾರವೂ ತೂಕದ ಬೊಟ್ಟೂ ಒಟ್ಟಿಗೆ ಹೆಚ್ಚು ಎಳೆತಕ್ಕೆ ಸಿಗುತ್ತವೆ. ಲಂಕೆಯ ಆಚೆಯ ಆ ತಗ್ಗಿನಿಂದ 60 ಕೆ.ಜಿ. ಮನುಷ್ಯನಿಗೆ ಆಗುವ ವ್ಯತ್ಯಾಸ ಕೆಲವೇ ಗ್ರಾಂ. ಬೆಳಿಗ್ಗೆ ಕುಡಿದ ಚಹಾ ಅದಕ್ಕಿಂತ ಜಾಸ್ತಿ.

ಎಂತ ಮಾರಾಯ್ರೆ

ಧ್ರುವಕ್ಕೆ ಹೋಗಿ ಬರುವ ಟಿಕೆಟ್ ಎಷ್ಟು ಅಂತ ನೋಡಿ ಹೇಳ್ತೇನೆ.

ಬೋಟ್‌ಮನೆ

ಟೀಚರ್, ಭರತ-ಇಳಿತದ ಬಗ್ಗೆಯೂ ಹೇಳಿಬಿಡಿ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಳಿವೆ ಬಾಗಿಲಲ್ಲಿ ಹೂಳು ಇರುವಾಗ ಇಳಿತದ ಹೊತ್ತು ನೋಡದೆ ಒಳಗೆ ಬಂದರೆ ಬೋಟು ತಳ ತಾಗುತ್ತದೆ. ಇದೆಲ್ಲ ನಮಗೆ ಅಭ್ಯಾಸ. ಚಂದ್ರ ಎಳೆಯುವುದು ಅನ್ನುವುದೂ ಗೊತ್ತು. ಆದರೆ ಚಂದ್ರ ಇರುವುದು ಒಂದು ಕಡೆ. ದಿನಕ್ಕೆ ಎರಡು ಸಲ ಯಾಕೆ ಏರುವುದು?

ಕಾರ್ಕಳ ಟೀಚರ್

ಏರಿಳಿತಕ್ಕೆ ಕಾರಣ ಎಳೆತ ಅಲ್ಲ ಅಣ್ಣ, ಎಳೆತದಲ್ಲಿರುವ ಹೆಚ್ಚು-ಕಮ್ಮಿ. ಚಂದ್ರನ ಕಡೆಗಿರುವ ನೀರು ಅವನಿಗೆ ಹತ್ತಿರ, ಭೂಮಿಯ ನಡುಭಾಗ ಅದಕ್ಕಿಂತ ದೂರ, ಆಚೆ ಬದಿಯ ನೀರು ಇನ್ನೂ ದೂರ. ಹತ್ತಿರದ್ದಕ್ಕೆ ಎಳೆತ ಜಾಸ್ತಿ, ದೂರದ್ದಕ್ಕೆ ಕಮ್ಮಿ. ಈಚೆಯ ನೀರು ಭೂಮಿಗಿಂತ ಮುಂದೆ ಹೋಗುತ್ತದೆ. ಆಚೆಯ ನೀರು ಭೂಮಿಗಿಂತ ಹಿಂದೆ ಉಳಿಯುತ್ತದೆ. ಎರಡೂ ಕಡೆ ಉಬ್ಬು. ಭೂಮಿ ತಿರುಗುವಾಗ ನಾವು ಎರಡನ್ನೂ ದಾಟುತ್ತೇವೆ. ಅಷ್ಟರಲ್ಲಿ ಚಂದ್ರನೂ ಸ್ವಲ್ಪ ಮುಂದೆ ಹೋಗಿರುತ್ತಾನೆ, ಹಾಗಾಗಿ ಒಂದು ಭರತದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ. ನೀವು ದಿನಕ್ಕೆ 50 ನಿಮಿಷ ತಡ ಅಂತ ಎಣಿಸುತ್ತೀರಲ್ಲ, ಅದೇ.

ಇಲ್ಲಿ ಒಂದು ತಮಾಷೆ. ಸೂರ್ಯ ನಮ್ಮನ್ನು ಎಳೆಯುವುದು ಚಂದ್ರನಿಗಿಂತ ಸುಮಾರು 180 ಪಟ್ಟು ಜಾಸ್ತಿ. ಆದರೆ ಸಮುದ್ರ ಏರಿಸುವುದರಲ್ಲಿ ಚಂದ್ರನ ಅರ್ಧವೂ ಇಲ್ಲ. ಸೂರ್ಯ ಅಷ್ಟು ದೂರದಲ್ಲಿರುವಾಗ ಭೂಮಿಯ ಈಚೆ ಬದಿಗೂ ಆಚೆ ಬದಿಗೂ ಎಳೆತದಲ್ಲಿ ವ್ಯತ್ಯಾಸವೇ ಇಲ್ಲದ ಹಾಗೆ. ಅಮಾವಾಸ್ಯೆ, ಹುಣ್ಣಿಮೆಗೆ ಇಬ್ಬರೂ ಒಂದೇ ಗೆರೆಯಲ್ಲಿ ನಿಂತು ಕೂಡಿಸುತ್ತಾರೆ. ಅಷ್ಟಮಿಯ ಹೊತ್ತಿಗೆ ಒಬ್ಬರದನ್ನು ಒಬ್ಬರು ಕಳೆಯುತ್ತಾರೆ.

ಇದು ಲೆಕ್ಕದ ಸಮುದ್ರ. ನಿಜವಾದ ಕಡಲಿಗೆ ದಂಡೆ, ಆಳ, ಕೊಲ್ಲಿ ಎಲ್ಲ ಉಂಟು. ಮಂಗಳೂರಿನಲ್ಲಿ ಜಾಸ್ತಿ ಅಂದ್ರೆ ಒಂದೂವರೆ ಮೀಟರ್ ಆಸುಪಾಸು ಏರಿಳಿತ. ಗುಜರಾತಿನ ಖಂಬಾತ್ ಕೊಲ್ಲಿಯಲ್ಲಿ 10 ಮೀಟರ್ ಮೀರುತ್ತದೆ. ಚಂದ್ರ ಅದೇ, ಕೊಲ್ಲಿಯ ಆಕಾರ ಬೇರೆ.

ಬೋಟ್‌ಮನೆ

ಖಂಬಾತಿನ ಕತೆ ನಮ್ಮವರೂ ಹೇಳುವುದುಂಟು. ಬೋಟು ಕೆಸರಿನ ಮೇಲೆ ಕೂತುಬಿಡುತ್ತದೆ, ಆರು ತಾಸು ಕಾಯಬೇಕು.

ಪಿಯುಸಿ ಪೋರ

ನನ್ನದೊಂದು ಡೌಟು. ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವ ಇಲ್ಲ, ಅದಕ್ಕೇ ತೇಲುತ್ತಾರೆ ಅಂತ ನಮ್ಮ ಟ್ಯೂಷನಿನಲ್ಲಿ ಹೇಳಿದರು. ಆದರೆ ಚಂದ್ರನವರೆಗೆ ಭೂಮಿಯ ಎಳೆತ ಮುಟ್ಟುತ್ತದೆ ಅಂದ್ರೆ 400 ಕಿ.ಮೀ. ಮೇಲೆ ಯಾಕೆ ಇಲ್ಲ?

ಕಾರ್ಕಳ ಟೀಚರ್

ಚಂದ ಕೇಳಿದೆ ತಮ್ಮ. ಅಲ್ಲಿ ಗುರುತ್ವ ಇಲ್ಲಿನದರ ಶೇಕಡಾ 89ರಷ್ಟು ಉಂಟು. ಅವರು ತೇಲುತ್ತಿಲ್ಲ, ನಿಲ್ದಾಣದ ಜೊತೆಗೇ ಬೀಳುತ್ತಿದ್ದಾರೆ. ಸೆಕೆಂಡಿಗೆ 7.66 ಕಿ.ಮೀ. ವೇಗ. ಅಂದ್ರೆ ಮಲ್ಪೆಯಿಂದ ಹೊರಟು ಒಂದು ಸೆಕೆಂಡಿನಲ್ಲಿ ಉಡುಪಿ ದಾಟಿಬಿಡುವಷ್ಟು. ಆ ಒಂದು ಸೆಕೆಂಡಿನಲ್ಲಿ ನಿಲ್ದಾಣ ಸುಮಾರು 4.3 ಮೀಟರ್ ಬೀಳುತ್ತದೆ. ದುಂಡಗಿನ ಭೂಮಿಯೂ ಅಷ್ಟು ದೂರದಲ್ಲಿ ಅಷ್ಟೇ ಕೆಳಗೆ ಬಾಗಿರುತ್ತದೆ. ಬಿದ್ದಷ್ಟೂ ನೆಲ ಸಿಗುವುದಿಲ್ಲ. ಅದೇ ಕಕ್ಷೆ.

ನಮ್ಮ ಉಡುಪಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್ ಈ ಬೀಳುವ ವಿದ್ಯೆಯನ್ನು ದೇಶಕ್ಕೆ ಕಲಿಸಿದವರಲ್ಲಿ ದೊಡ್ಡವರು. 1975ರ ಏಪ್ರಿಲ್ 19ಕ್ಕೆ ಸೋವಿಯತ್ ರಾಕೆಟಿನಲ್ಲಿ ಏರಿದ 360 ಕೆ.ಜಿ.ಯ ಆರ್ಯಭಟ ಅವರ ಮುಂದಾಳುತನದಲ್ಲಿ ಆದದ್ದು.

ಪಂಚಾಂಗ ಪ್ರಿಯ

ಎಲ್ಲ ಸರಿ. ಆದರೆ ನ್ಯೂಟನ್ನಿಗಿಂತ 500 ವರ್ಷ ಮೊದಲೇ ಭಾಸ್ಕರಾಚಾರ್ಯರು ಭೂಮಿಗೆ ಆಕರ್ಷಣ ಶಕ್ತಿ ಉಂಟು ಅಂತ ಬರೆದಿದ್ದಾರೆ. ಅದನ್ನು ಯಾಕೆ ಯಾರೂ ಹೇಳುವುದಿಲ್ಲ?

ಕಾರ್ಕಳ ಟೀಚರ್

ಹೇಳೋಣ, ಹೇಳಲೇಬೇಕು. 1150ರ ಸಿದ್ಧಾಂತ ಶಿರೋಮಣಿಯಲ್ಲಿ ಅದು ಉಂಟು. ಭೂಮಿ ತನ್ನ ಶಕ್ತಿಯಿಂದ ಭಾರದ ವಸ್ತುವನ್ನು ಎಳೆಯುತ್ತದೆ, ಹಾಗಾಗಿ ಅದು ಬೀಳುವ ಹಾಗೆ ಕಾಣುತ್ತದೆ, ಭೂಮಿಗೆ ಆಧಾರ ಬೇಡ ಅಂತ. ಆ ಕಾಲಕ್ಕೆ ಅದು ಧೈರ್ಯದ ಮಾತು.

1687ರಲ್ಲಿ ನ್ಯೂಟನ್ ಮಾಡಿದ್ದು ಬೇರೆ ಕೆಲಸ. ಚಂದ್ರನನ್ನೂ ಸೇಬನ್ನೂ ಒಂದೇ ತಕ್ಕಡಿಗೆ ಹಾಕಿದ. ಚಂದ್ರ ಇರುವುದು ಭೂಮಿಯ ತ್ರಿಜ್ಯದ 60 ಪಟ್ಟು ದೂರ. ದೂರದ ವರ್ಗಕ್ಕೆ ತಕ್ಕ ಹಾಗೆ ಎಳೆತ ಕಮ್ಮಿಯಾಗುವುದಾದರೆ ಅಲ್ಲಿ 3,600ರಲ್ಲಿ ಒಂದು ಪಾಲು ಇರಬೇಕು. ಇಲ್ಲಿ ಸೇಬು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಅಂದ್ರೆ ಚಂದ್ರ ಸೆಕೆಂಡಿಗೆ 1.36 ಮಿಲಿಮೀಟರ್ ಭೂಮಿಯ ಕಡೆ ಬಾಗಬೇಕು. ಅಳೆದು ನೋಡಿದರೆ ಅಷ್ಟೇ ಬಾಗುತ್ತಾನೆ! ಭಾಸ್ಕರರ ಮಾತು ಭೂಮಿಯದ್ದು. ಇದು ಎಲ್ಲಾ ವಸ್ತುವಿನದ್ದು, ಜೊತೆಗೆ ಸಂಖ್ಯೆಯೂ ಉಂಟು. ಒಬ್ಬರನ್ನು ಹೊಗಳಲು ಇನ್ನೊಬ್ಬರನ್ನು ಕೆಳಗೆ ಹಾಕಬೇಕಾಗಿಲ್ಲ ಅಲ್ವಾ?

ಮಣಿಪಾಲ ರಾತ್ರಿಪಾಳಿ

ಚರ್ಚೆ ಎಲ್ಲಿಂದ ಎಲ್ಲಿಗೋ ಹೋಯಿತು, ಖುಷಿಯಾಯಿತು. ರಾತ್ರಿ ಡ್ಯೂಟಿಯಲ್ಲಿ ಕೂತು ಓದುತ್ತಿದ್ದೇನೆ. ಇನ್ನೊಂದು ಕೇಳುತ್ತೇನೆ. ಗುರುತ್ವ ಅತಿ ದುರ್ಬಲ ಬಲ ಅಂತ ಎಲ್ಲೋ ಓದಿದ್ದೆ. ಚಂದ್ರನನ್ನು ಹಿಡಿದಿಡುವುದು ದುರ್ಬಲ ಹೇಗೆ?

ಕಾರ್ಕಳ ಟೀಚರ್

ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತ ತಗೊಳ್ಳಿ. ಮೇಜಿನ ಮೇಲಿನ ಗುಂಡುಸೂಜಿಗೆ ಹತ್ತಿರ ಹಿಡಿಯಿರಿ. ಟಕ್ ಅಂತ ಹಾರಿ ಅಂಟುತ್ತದೆ. ಆ ಕಡೆ ಇಡೀ ಭೂಮಿ ಎಳೆಯುತ್ತಾ ಉಂಟು, ಈ ಕಡೆ ಒಂದು ಬಿಲ್ಲೆ. ಗೆದ್ದದ್ದು ಬಿಲ್ಲೆ. ಎರಡು ಪ್ರೋಟಾನುಗಳ ನಡುವೆ ಲೆಕ್ಕ ಹಾಕಿದರೆ ವಿದ್ಯುತ್ ಬಲ ಗುರುತ್ವಕ್ಕಿಂತ 1ರ ಮುಂದೆ 36 ಸೊನ್ನೆಯಷ್ಟು ಪಟ್ಟು ದೊಡ್ಡದು.

ಆದರೆ ವಿದ್ಯುತ್ತಿಗೆ ಪ್ಲಸ್, ಮೈನಸ್ ಉಂಟು. ಒಂದನ್ನೊಂದು ಅಳಿಸಿಕೊಳ್ಳುತ್ತವೆ. ದ್ರವ್ಯರಾಶಿಗೆ ಮೈನಸ್ ಇಲ್ಲ. ಗುರುತ್ವಕ್ಕೆ ಕೂಡುವುದು ಮಾತ್ರ ಗೊತ್ತು, ಕಳೆಯುವುದು ಗೊತ್ತಿಲ್ಲ. ಹಾಗಾಗಿ ಸಣ್ಣದರಲ್ಲಿ ಸೋಲುತ್ತದೆ, ರಾಶಿ ಬಿದ್ದಲ್ಲಿ ಗೆಲ್ಲುತ್ತದೆ.

ವಿಶ್ವ ಹುಟ್ಟಿ 3.8 ಲಕ್ಷ ವರ್ಷ ಆದಾಗ ಎಲ್ಲಾ ಕಡೆ ಹೆಚ್ಚು ಕಮ್ಮಿ ಒಂದೇ ತರ ಇತ್ತು. ಒಂದು ಜಾಗಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಲಕ್ಷದಲ್ಲಿ ಒಂದು ಪಾಲಿನಷ್ಟು. ಆ ಒಂದು ಪಾಲು ಸಾಕಾಯಿತು. ದಟ್ಟ ಇದ್ದ ಕಡೆ ಇನ್ನಷ್ಟು ಸೇರಿತು. ಸೇರಿದ್ದಕ್ಕೆ ಎಳೆತ ಹೆಚ್ಚಿತು, ಎಳೆತ ಹೆಚ್ಚಿದ್ದಕ್ಕೆ ಇನ್ನೂ ಸೇರಿತು. ಗೆಲಾಕ್ಸಿಗಳು, ನಕ್ಷತ್ರಗಳು, ನಾವು, ಮಲ್ಪೆ ಎಲ್ಲ ಆ ಸಣ್ಣ ಹೆಚ್ಚು-ಕಮ್ಮಿಯ ಮಕ್ಕಳು.

ಸೂರ್ಯನ ಒಳಗೂ ಇದೇ. ಗುರುತ್ವ ಒಳಕ್ಕೆ ಒತ್ತುತ್ತದೆ. ನಡುವಿನಲ್ಲಿ ಶಾಖ ಒಂದೂವರೆ ಕೋಟಿ ಡಿಗ್ರಿ ದಾಟುತ್ತದೆ, ಹೈಡ್ರೋಜನ್ ಉರಿಯುತ್ತದೆ, ಆ ಒತ್ತಡ ಹೊರಕ್ಕೆ ತಳ್ಳುತ್ತದೆ. ಈ ಜಗ್ಗಾಟ ಸಮ ಇರುವಷ್ಟು ದಿನ ನಮಗೆ ಬಿಸಿಲು.

ಸುರತ್ಕಲ್ ಸರ್ವೇ

ಉರುವಲು ಮುಗಿದ ಮೇಲಿನ ಕತೆಗೆ ನಮ್ಮ ಅರಬ್ಬಿ ಸಮುದ್ರವೂ ಸಾಕ್ಷಿ. 1930ರಲ್ಲಿ 19 ವರ್ಷದ ಎಸ್. ಚಂದ್ರಶೇಖರ್ ಮುಂಬಯಿಯಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟರು. ದಾರಿಯಲ್ಲಿ ಲೆಕ್ಕ ಮಾಡುತ್ತಾ ಕೂತರು. ಸತ್ತ ನಕ್ಷತ್ರ ಒಂದು ಮಿತಿಗಿಂತ ಭಾರ ಇದ್ದರೆ ಬಿಳಿ ಕುಬ್ಜವಾಗಿ (ಕುಗ್ಗಿ ಪುಟ್ಟದಾದ ದಟ್ಟ ನಕ್ಷತ್ರ) ನಿಲ್ಲಲಾರದು, ಕುಸಿಯುತ್ತಲೇ ಹೋಗುತ್ತದೆ ಅಂತ ಕಂಡುಕೊಂಡರು. ಈಗ ಆ ಮಿತಿ ಸೂರ್ಯನ ಸುಮಾರು 1.4 ಪಟ್ಟು. ದೊಡ್ಡವರು ಆಗ ನಂಬಲಿಲ್ಲ. ನೊಬೆಲ್ ಬಂದದ್ದು 1983ರಲ್ಲಿ.

ಕನ್ನಡಿಗರು ಇನ್ನೊಂದು ಹೆಸರು ನೆನಪಿಡಬೇಕು. ಬೆಂಗಳೂರಿನ ಸಿ.ವಿ. ವಿಶ್ವೇಶ್ವರ, ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರು. ಬೆಳಕೂ ತಪ್ಪಿಸಿಕೊಳ್ಳಲಾರದಷ್ಟು ಎಳೆತದ ಕಪ್ಪು ಕುಳಿಯನ್ನು ಕೆಣಕಿದರೆ ಅದು ಗಂಟೆ ಬಾರಿಸಿದ ಹಾಗೆ ಕಂಪಿಸಿ ತಣ್ಣಗಾಗಬೇಕು ಅಂತ 1970ರಲ್ಲೇ ಲೆಕ್ಕ ಮಾಡಿ ತೋರಿಸಿದರು. ಕಪ್ಪು ಕುಳಿ ಉಂಟಾ ಇಲ್ಲವಾ ಅಂತಲೇ ಜಗಳ ಇದ್ದ ಕಾಲ. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆ ಹಿಡಿಯುವ ಅಮೆರಿಕದ ಲೈಗೋ ಯಂತ್ರಗಳಿಗೆ 130 ಕೋಟಿ ಜ್ಯೋತಿರ್ವರ್ಷ ದೂರದಿಂದ ಒಂದು ಅಲೆ ಬಂತು. ಸೂರ್ಯನ 36 ಮತ್ತು 29 ಪಟ್ಟು ಭಾರದ ಎರಡು ಕಪ್ಪು ಕುಳಿ ಕೂಡಿ 62 ಪಟ್ಟಿನ ಒಂದಾಯಿತು. ಉಳಿದ 3 ಸೂರ್ಯರಷ್ಟು ಭಾರ ಗುರುತ್ವದ ಅಲೆಯಾಗಿ ಹೋಯಿತು. ಆ ಸದ್ದಿನ ಬಾಲದಲ್ಲಿ ವಿಶ್ವೇಶ್ವರರ ಕಂಪನ. 2016ರಲ್ಲಿ ಸುದ್ದಿ ಪ್ರಕಟವಾದಾಗ ಅವರು ನಮ್ಮ ಜೊತೆ ಇದ್ದರು, 2017ರ ಜನವರಿಯಲ್ಲಿ ತೀರಿಕೊಂಡರು. ಅಂಥದ್ದೇ ಯಂತ್ರ ಈಗ ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಬರಲಿದೆ. ಕೇಂದ್ರ ಸಂಪುಟ ಒಪ್ಪಿದ್ದು 2023ರಲ್ಲಿ.

ಫೋನಿನೊಳಗೂ ಈ ಐನ್‌ಸ್ಟೈನ್ ವಿದ್ಯೆ ಉಂಟು. ಜಿಪಿಎಸ್ ಉಪಗ್ರಹ 20,200 ಕಿ.ಮೀ. ಮೇಲೆ. ಅಲ್ಲಿ ಗುರುತ್ವ ಕಮ್ಮಿ, ಗಡಿಯಾರ ಬೇಗ ಓಡುತ್ತದೆ. ಓಟದ ವೇಗದಿಂದ ಸ್ವಲ್ಪ ನಿಧಾನವೂ ಆಗುತ್ತದೆ. ಕೂಡಿಸಿ ಕಳೆದರೆ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ. ಅಷ್ಟರಲ್ಲಿ ಬೆಳಕು 11 ಕಿ.ಮೀ. ಹೋಗಿರುತ್ತದೆ. ಹಾಗಾಗಿ ಮೇಲೆ ಕಳಿಸುವ ಮೊದಲೇ ಗಡಿಯಾರವನ್ನು ಅಷ್ಟು ನಿಧಾನ ಮಾಡಿ ಕಳಿಸುತ್ತಾರೆ.

ಪಂಚಾಂಗ ಪ್ರಿಯ

ಕಪ್ಪು ಕುಳಿ ಒಪ್ಪಿದೆ. ಈ ಡಾರ್ಕ್ ಮ್ಯಾಟರ್ ಮಾತ್ರ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಲೆಕ್ಕ ತಾಳೆಯಾಗದಿದ್ದರೆ ಕಾಣದ ವಸ್ತು ಉಂಟು ಅನ್ನುವುದು. ನಾವು ಹಾಗೆ ಹೇಳಿದರೆ ಮೂಢನಂಬಿಕೆ, ಅವರು ಹೇಳಿದರೆ ವಿಜ್ಞಾನ!

ಕಾರ್ಕಳ ಟೀಚರ್

ಈ ಪ್ರಶ್ನೆಗೆ ಗೌರವ ಕೊಡಬೇಕು. ಹಿಂದೆ ಎರಡು ಸಲ ಹೀಗಾಗಿತ್ತು, ಎರಡು ಸಲವೂ ಉತ್ತರ ಬೇರೆ ಬಂತು.

ಯುರೇನಸ್ ಲೆಕ್ಕದ ದಾರಿ ಬಿಟ್ಟು ನಡೆಯುತ್ತಿತ್ತು. ಕಾಣದ ಗ್ರಹ ಒಂದು ಎಳೆಯುತ್ತಿದೆ ಅಂತ ಫ್ರಾನ್ಸಿನ ಲೆವೆರಿಯೇ ಜಾಗ ಹೇಳಿದ. 1846ರಲ್ಲಿ ಬರ್ಲಿನ್ನಿನಲ್ಲಿ ದೂರದರ್ಶಕ ತಿರುಗಿಸಿದರೆ ಹೇಳಿದ ಜಾಗದ ಹತ್ತಿರವೇ ನೆಪ್ಚೂನ್ ಸಿಕ್ಕಿತು. ಬುಧನೂ ದಾರಿ ಬಿಟ್ಟಿದ್ದ. ಅದೇ ಲೆವೆರಿಯೇ ಅದಕ್ಕೂ ಒಂದು ಕಾಣದ ಗ್ರಹ ಹೇಳಿದ. ಹುಡುಕಿ ಹುಡುಕಿ ಸೋತರು. ಅಲ್ಲಿ ಗ್ರಹವೇ ಇರಲಿಲ್ಲ, ನ್ಯೂಟನ್ನನ ನಿಯಮವೇ ಸ್ವಲ್ಪ ತಿದ್ದಬೇಕಾಗಿತ್ತು. 1915ರಲ್ಲಿ ಐನ್‌ಸ್ಟೈನ್ ತಿದ್ದಿದ. ಶತಮಾನಕ್ಕೆ 43 ಸೆಕೆಂಡ್ ಕೋನದ ಆ ವ್ಯತ್ಯಾಸ ಸರಿಯಾಗಿ ಕೂತಿತು.

ಈಗ ಗೆಲಾಕ್ಸಿಗಳ ಸರದಿ. 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಜೊತೆಗಾರರು ಗೆಲಾಕ್ಸಿಗಳ ಹೊರ ಅಂಚಿನ ನಕ್ಷತ್ರಗಳೂ ಒಳಗಿನವುಗಳಷ್ಟೇ ಜೋರಾಗಿ ಸುತ್ತುತ್ತವೆ ಅಂತ ತೋರಿಸಿದರು. ಕಾಣುವ ವಸ್ತುವಿನ ಎಳೆತ ಅದಕ್ಕೆ ಸಾಲುವುದಿಲ್ಲ. ಇದು ನೆಪ್ಚೂನ್ ಕತೆಯಾ, ಬುಧನ ಕತೆಯಾ? ನೆಪ್ಚೂನ್ ಕಡೆ ಒಲವು ಯಾಕೆ ಅಂದ್ರೆ ಒಂದೇ ಕಡೆಯಿಂದ ಬಂದ ಸಾಕ್ಷಿ ಅಲ್ಲ. ಗೆಲಾಕ್ಸಿ ಗುಂಪುಗಳ ಹತ್ತಿರ ಬೆಳಕು ಬಾಗುವುದು, ವಿಶ್ವದ ಬಾಲ್ಯದಿಂದ ಬಂದ ಹಳೇ ಬೆಳಕಿನ ಕಲೆಗಳು, ಎಲ್ಲ ಬೇರೆ ಬೇರೆ ದಾರಿಯಲ್ಲಿ ಅದೇ ಲೆಕ್ಕಕ್ಕೆ ಬರುತ್ತವೆ. ನಾವು ನೋಡಿ ಮುಟ್ಟುವ ಸಾಮಾನ್ಯ ವಸ್ತು ವಿಶ್ವದ ಶೇಕಡಾ 5, ಕಾಣದ್ದು 27, ಉಳಿದ 68 ಡಾರ್ಕ್ ಎನರ್ಜಿ, ಅಂದ್ರೆ ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುವ ಕಾಣದ ಶಕ್ತಿ. ಆ ಕಣ ಮಾತ್ರ ಇವತ್ತಿಗೂ ಕೈಗೆ ಸಿಕ್ಕಿಲ್ಲ. ನಿಯಮವನ್ನೇ ತಿದ್ದಬೇಕು ಅನ್ನುವ ವಿಜ್ಞಾನಿಗಳೂ ಇದ್ದಾರೆ. ಮೂಢನಂಬಿಕೆಗೂ ಇದಕ್ಕೂ ವ್ಯತ್ಯಾಸ ಇಷ್ಟೇ: ಸುಳ್ಳು ಅಂತ ತೋರಿಸಲು ಬಾಗಿಲು ತೆರೆದಿಟ್ಟಿದ್ದಾರೆ.

ಅಡಿಕೆ ತೋಟ, ಪುತ್ತಿಗೆ

ನಾನು ಸುಮ್ನೆ ಓದುವವ. ಒಂದು ಕೇಳಿ ಹೋಗುತ್ತೇನೆ. ವಿಶ್ವ ಹಿಗ್ಗುತ್ತಾ ಉಂಟು ಅಂತಾರಲ್ಲ. ಹಾಗಾದ್ರೆ ನನ್ನ ತೋಟವೂ ಹಿಗ್ಗುತ್ತದಾ?

ಕಾರ್ಕಳ ಟೀಚರ್

ಇಲ್ಲ. ಹಿಗ್ಗುವುದು ಯಾವುದೂ ಹಿಡಿದಿಡದ ಕಡೆ ಮಾತ್ರ. 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಸುಮಾರು 70 ಕಿ.ಮೀ. ವೇಗದ ಹಿಗ್ಗುವಿಕೆ. ಅಷ್ಟು ದೊಡ್ಡ ಖಾಲಿ ಜಾಗಗಳಲ್ಲಿ ಅದು ಗೆಲ್ಲುತ್ತದೆ. ನಿಮ್ಮ ಮಣ್ಣು, ಮರಗಳನ್ನು ಅಣುಗಳ ವಿದ್ಯುತ್ ಬಲ ಕಟ್ಟಿ ಹಾಕಿದೆ. ಭೂಮಿಯನ್ನು ಸೂರ್ಯನಿಗೆ, ಸೂರ್ಯನನ್ನು ಗೆಲಾಕ್ಸಿಗೆ ಕಟ್ಟಿದ್ದು ಗುರುತ್ವ. ಪಕ್ಕದ ಗೆಲಾಕ್ಸಿ ಆಂಡ್ರೋಮಿಡಾ 25 ಲಕ್ಷ ಜ್ಯೋತಿರ್ವರ್ಷ ದೂರ ಇದ್ದರೂ ದೂರ ಹೋಗುತ್ತಿಲ್ಲ, ಸೆಕೆಂಡಿಗೆ ಸುಮಾರು 110 ಕಿ.ಮೀ. ವೇಗದಲ್ಲಿ ನಮ್ಮ ಕಡೆಗೇ ಬರುತ್ತಿದೆ. ಅಷ್ಟು ದೂರದವರೆಗೂ ಗುರುತ್ವದ್ದೇ ಮೇಲುಗೈ. ಅದು ನಮ್ಮ ಗೆಲಾಕ್ಸಿಗೆ ಡಿಕ್ಕಿ ಹೊಡೆಯುವುದು ಖಂಡಿತ ಅಂತ ಮೊದಲು ಹೇಳುತ್ತಿದ್ದರು. 2025ರ ಒಂದು ಲೆಕ್ಕದ ಪ್ರಕಾರ ಮುಂದಿನ 1,000 ಕೋಟಿ ವರ್ಷಗಳಲ್ಲಿ ಅದಕ್ಕೆ ಇರುವ ಸಾಧ್ಯತೆ ಅರ್ಧಕ್ಕರ್ಧ.

ಸುರತ್ಕಲ್ ಸರ್ವೇ

ಅಂದ್ರೆ ಆರ್‌ಟಿಸಿಯಲ್ಲಿ ಎಷ್ಟು ಸೆಂಟ್ಸ್ ಉಂಟೋ ಅಷ್ಟೇ. ಪಕ್ಕದ ಮನೆಯವರು ಬೇಲಿ ಒಳಗೆ ಹಾಕಿದ್ದರೆ ಅದಕ್ಕೆ ವಿಶ್ವದ ಮೇಲೆ ದೂರು ಹೇಳಬೇಡಿ, ಅಳತೆಗೆ ನಮ್ಮನ್ನು ಕರೆಯಿರಿ.